ಅರ್ಬುದರೋಗದ ವೇದನೆಯೂ ನರಬಂಧ ಚಿಕಿತ್ಸೆಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ಒಪ್ಪಿಸಿದ ವಿಷಯವನ್ನು ಯಥಾಮತಿಯಾಗಿ ನಿವೇದಿಸಿಕೊಳ್ಳುತ್ತೇನೆ.

ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಶ್ರೀಮಠದ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತಿರುವವನು. ಆದರೂ ಈ ವಿಷಯವನ್ನು ಕುರಿತು ಮಾತನಾಡುವದಕ್ಕೆ ಕಾರಣವುಂಟು. ಕ್ಯಾನ್ಸರ್ ಎಂದು ಜನರು ಕರೆಯುವ ಅರ್ಬುದರೋಗದಿಂದ ನರಳುವವರನ್ನು ಮನೆಯಲ್ಲಿಟ್ಟುಕೊಂಡ ಭಕ್ತರು ಮಠಕ್ಕೆ ಬಂದು ಒಂದು ಪ್ರಶ್ನೆಯನ್ನು ಕೇಳುವದುಂಟು: “ನೋವಿನ ನರವನ್ನೇ ಕಟ್ಟಿಹಾಕುವ ಸೂಜಿಯನ್ನು ಚುಚ್ಚುತ್ತೇವೆಂದು ವೈದ್ಯರು ಹೇಳುತ್ತಾರೆ, ಬುದ್ಧಿ, ಅದಕ್ಕೆ ಒಪ್ಪಬಹುದೋ, ಒಪ್ಪಬಾರದೋ?” ಪ್ರಶ್ನೆಯು ಯೋಗ್ಯವಾದದ್ದು. ಬಲ್ಲ ವೈದ್ಯರಿಂದ ಕೇಳಿಯೂ ಗ್ರಂಥಗಳನ್ನು ನೋಡಿಯೂ ತಿಳಿದುಕೊಂಡದ್ದನ್ನು ಶಾಸ್ತ್ರಕ್ರಮದಂತೆ ಮೊದಲು ವಿಷಯ, ಆಮೇಲೆ ಪೂರ್ವಪಕ್ಷ, ಕಡೆಗೆ ಸಿದ್ಧಾಂತ ಎಂಬ ರೀತಿಯಲ್ಲಿ ಹೇಳುವೆನು. ವೈದ್ಯರು ‘ನರ್ವ್ ಬ್ಲಾಕ್’ ಎನ್ನುವದನ್ನೇ ನಾನು ಇಲ್ಲಿ ನರಬಂಧವೆಂದು ಕರೆದಿದ್ದೇನೆ.

ಮೊದಲು ವೇದನೆಯೆಂದರೇನೆಂಬದನ್ನು ವಿಚಾರಿಸೋಣ. ಕಾಲಿಗೆ ಮುಳ್ಳು ನಟ್ಟರೆ ನೋವು ಕಾಲಿನಲ್ಲಿದೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಪೆಟ್ಟು ಬಿದ್ದದ್ದು ಕಾಲಿನಲ್ಲಿ, ಅದರ ಅರಿವು ಉಂಟಾಗುವದು ಮೆದುಳಿನಲ್ಲಿ. ಇವೆರಡರ ನಡುವೆ ಸುದ್ದಿಯನ್ನು ಒಯ್ಯುವ ದಾರಿಯೇ ನರ. ಅಂಗದಿಂದ ಹೊರಟ ನರವು ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿಂದ ಸುದ್ದಿಯು ಮೇಲೇರಿ ಮೆದುಳನ್ನು ಮುಟ್ಟುತ್ತದೆ. ಕೆರೆಯ ತೂಬಿನಿಂದ ಹೊರಟ ನೀರು ಕಾಲುವೆಯಲ್ಲಿ ಹರಿದು ಗದ್ದೆಯನ್ನು ಸೇರುವಂತೆ ಇದನ್ನು ಭಾವಿಸಿರಿ. ಕಾಲುವೆಗೆ ಒಡ್ಡು ಹಾಕಿದರೆ ಕೆರೆಯ ನೀರು ಬತ್ತುವದಿಲ್ಲ. ಆದರೆ ಗದ್ದೆಗೆ ನೀರು ಬರುವದು ನಿಲ್ಲುತ್ತದೆ. ನರಬಂಧದ ತತ್ತ್ವವು ಇಷ್ಟೇ. ಅದು ರೋಗವನ್ನು ಕಳೆಯುವದಿಲ್ಲ, ವೇದನೆಯ ದಾರಿಯನ್ನು ಕಟ್ಟುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೇ ನೆನಪಿನಲ್ಲಿಡಬೇಕು.

ಅರ್ಬುದರೋಗದ ವೇದನೆಯು ಒಂದೇ ಬಗೆಯದಲ್ಲ. ಗಡ್ಡೆಯು ಎಲುಬನ್ನು ಹೊಕ್ಕರೆ ನೋವು ಒಂದೆಡೆ ನೆಲೆಸಿ, ಅಲುಗಿದರೆ ಹೆಚ್ಚುತ್ತದೆ. ಹೊಟ್ಟೆಯೊಳಗಣ ಅಂಗಗಳನ್ನು ಹಿಡಿದರೆ ಎಲ್ಲಿ ನೋಯುತ್ತದೆಂದು ಬೆರಳಿಟ್ಟು ತೋರಿಸಲಾಗದಂತೆ ಆಳದಲ್ಲಿ ಕೊರೆಯುತ್ತದೆ. ನರವನ್ನೇ ಅದುಮಿದರೆ ಉರಿ, ಚುಚ್ಚು, ಜೋಮು, ಮಿಂಚು ಹೊಡೆದಂಥ ಸೆಳೆತ ಇವು ಕಾಣುತ್ತವೆ. ಒಬ್ಬನೇ ರೋಗಿಯಲ್ಲಿ ಈ ಮೂರೂ ಕೂಡಿರುವದುಂಟು. ಆದುದರಿಂದ ನೋವು ಎಲ್ಲಿ, ಎಂಥದು, ಯಾವಾಗ ಹೆಚ್ಚುವದು ಎಂಬದನ್ನು ಮನೆಯವರು ಗಮನಿಸಿ ಹೇಳಿದರೆ ವೈದ್ಯರ ಕೆಲಸವು ಅರ್ಧ ಮುಗಿದಂತೆಯೇ ಸರಿ.

ವೇದನೆಗೆ ಮೊದಲನೆಯ ಉಪಾಯವು ಸೂಜಿಯಲ್ಲ, ಗುಳಿಗೆ. ವಿಶ್ವ ಆರೋಗ್ಯ ಸಂಸ್ಥೆಯು 1986ನೆಯ ಇಸವಿಯಲ್ಲಿ ಮೂರು ಮೆಟ್ಟಿಲುಗಳ ಒಂದು ಕ್ರಮವನ್ನು ಲೋಕಕ್ಕೆ ತಿಳಿಸಿತು. ನೋವು ಅಲ್ಪವಾಗಿದ್ದರೆ ಪ್ಯಾರಾಸಿಟಮಾಲಿನಂಥ ಸಾಧಾರಣ ಔಷಧಿ, ಮಧ್ಯಮವಾಗಿದ್ದರೆ ಅಫೀಮಿನ ವರ್ಗದ ಸೌಮ್ಯ ಔಷಧಿ, ತೀವ್ರವಾಗಿದ್ದರೆ ಮಾರ್ಫಿನ್; ಇವನ್ನು ಬಾಯಿಯ ಮೂಲಕವಾಗಿ, ಹೊತ್ತಿಗೆ ಸರಿಯಾಗಿ ಕೊಡಬೇಕೆಂಬದೇ ಆ ಕ್ರಮ. ನೋವು ಬಂದ ಮೇಲೆ ಔಷಧಿಯನ್ನು ಹುಡುಕುವದಲ್ಲ. ನೋವು ಮರಳಿ ಬರುವದಕ್ಕೆ ಮೊದಲೇ ಮುಂದಿನ ಗುಳಿಗೆಯನ್ನು ಕೊಡುವದು. ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯಗಳ ಕಾಯಿದೆಯ ಬಿಗಿಯಿಂದ ಮಾರ್ಫಿನ್ ಆಸ್ಪತ್ರೆಗಳಲ್ಲಿಯೂ ದುರ್ಲಭವಾಗಿತ್ತು. 2014ರಲ್ಲಿ ಆ ಕಾಯಿದೆಯನ್ನು ತಿದ್ದಿ, ವೈದ್ಯಕೀಯ ಉಪಯೋಗಕ್ಕೆ ಅದು ದೊರೆಯುವಂತೆ ದಾರಿಯನ್ನು ಸುಗಮಮಾಡಿದರು. ತಕ್ಕ ಪ್ರಮಾಣದಲ್ಲಿ ಕೊಟ್ಟ ಗುಳಿಗೆಗಳಿಂದಲೇ ಬಹುಮಂದಿಯ ವೇದನೆಯು ಹತೋಟಿಗೆ ಬರುತ್ತದೆ. ಆದರೆ ಕೆಲವರಿಗೆ ಮಾರ್ಫಿನ್ ಸಾಲದು. ಕೆಲವರಿಗೆ ಅದರಿಂದ ಅತಿಯಾದ ಮಂಪರು, ಮಲಬದ್ಧತೆ, ಓಕರಿಕೆಗಳುಂಟಾಗಿ, ನೋವು ತಗ್ಗಿದರೂ ಮಕ್ಕಳೊಡನೆ ಎರಡು ಮಾತನಾಡುವ ಎಚ್ಚರವೂ ಉಳಿಯುವದಿಲ್ಲ. ಇಂಥವರಿಗೆ ನರಬಂಧವು ಉಪಯೋಗಕ್ಕೆ ಬರುವದು.

ವೇದನೆಯನ್ನು ಶಮನಮಾಡುವದು ಇಂದಿನವರು ಕಂಡುಹಿಡಿದ ಹೊಸ ಆಸೆಯಲ್ಲ. ನೋವನ್ನು ತಾಳಲಾರದ, ಮದ್ಯದ ಅಭ್ಯಾಸವುಳ್ಳ ರೋಗಿಗೆ ಶಸ್ತ್ರಕರ್ಮಕ್ಕೆ ಮೊದಲು ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಸುಶ್ರುತಾಚಾರ್ಯರು ತಮ್ಮ ಸಂಹಿತೆಯಲ್ಲಿಯೇ ವಿಧಿಸಿದ್ದಾರೆ. ನರವನ್ನೇ ಹುಡುಕಿ ಅದನ್ನು ಜಡಗೊಳಿಸುವ ವಿದ್ಯೆಯು ಮಾತ್ರ ಇತ್ತೀಚಿನದು. 1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೊಲರ್ ಎಂಬ ವೈದ್ಯನು ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣನ್ನು ಜಡಗೊಳಿಸಿ ಶಸ್ತ್ರಕ್ರಿಯೆಯನ್ನು ಮಾಡಬಹುದೆಂದು ತೋರಿಸಿದನು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರನು ಬೆನ್ನುಹುರಿಯ ಸುತ್ತಣ ದ್ರವದಲ್ಲಿ ಅದೇ ಔಷಧಿಯನ್ನು ಸೇರಿಸಿ ದೇಹದ ಕೆಳಭಾಗವನ್ನು ಜಡಗೊಳಿಸಿದನು. 1914ರಲ್ಲಿ ಅದೇ ದೇಶದ ಮ್ಯಾಕ್ಸ್ ಕಾಪಿಸನು ಹೊಟ್ಟೆಯ ಮೇಲ್ಭಾಗದ ನರಜಾಲವನ್ನು ಬೆನ್ನಿನ ಕಡೆಯಿಂದ ಸೂಜಿಯಿಂದ ಮುಟ್ಟುವ ವಿಧಾನವನ್ನು ವರ್ಣಿಸಿದನು. 1931ರಲ್ಲಿ ಇಟಲಿಯ ಡೊಗ್ಲಿಯೊಟ್ಟಿಯು ಬೆನ್ನುಹುರಿಯ ದ್ರವದಲ್ಲಿ ಮದ್ಯಸಾರವನ್ನಿಳಿಸಿ ನರಮೂಲಗಳನ್ನು ಬಹುಕಾಲದವರೆಗೆ ತಡೆಯುವ ಕ್ರಮವನ್ನು ತಿಳಿಸಿದನು. 1955ರಲ್ಲಿ ಇಂಗ್ಲೆಂಡಿನ ಮಾಹರ್ ಎಂಬವನು ಅದೇ ಕೆಲಸಕ್ಕೆ ಫಿನಾಲನ್ನು ಗ್ಲಿಸರಿನ್ನಿನಲ್ಲಿ ಬೆರಸಿ ಬಳಸಿದ್ದನ್ನು ಪ್ರಕಟಿಸಿದನು. ಈ ವಿದ್ಯೆಗಳನ್ನೆಲ್ಲ ಒಂದೆಡೆ ಕೂಡಿಸಿ 1953ರಲ್ಲಿ ಮಹಾಗ್ರಂಥವನ್ನು ಬರೆದವನು ಅಮೇರಿಕೆಯ ಜಾನ್ ಬೊನಿಕಾ. ಅವನು ತಾರುಣ್ಯದಲ್ಲಿ ಕುಸ್ತಿಯ ಪೈಲವಾನನಾಗಿದ್ದು, ನೋವೆಂದರೇನೆಂಬದನ್ನು ಸ್ವಂತ ದೇಹದಲ್ಲಿಯೇ ಅರಿತವನಾಗಿದ್ದನು.

ನರಬಂಧವು ಎರಡು ವಿಧ. ಒಂದು ತಾತ್ಕಾಲಿಕ, ಲಿಗ್ನೋಕೇನ್, ಬುಪಿವಕೇನ್ ಮುಂತಾದ ಅರಿವಳಿಕೆಯ ಔಷಧಿಯಿಂದ ನರವು ಕೆಲವು ತಾಸುಗಳವರೆಗೆ ಜಡವಾಗಿರುತ್ತದೆ. ಇನ್ನೊಂದು ದೀರ್ಘಕಾಲದ್ದು, ಮದ್ಯಸಾರ ಅಥವಾ ಫಿನಾಲಿನಿಂದ ನರದ ತಂತುಗಳನ್ನೇ ಕೆಡಿಸುವದು. ಅನೇಕ ವೇಳೆ ಮೊದಲನೆಯದನ್ನು ಮಾಡಿ, ನೋವು ನಿಜವಾಗಿ ತಗ್ಗುವದೋ ಇಲ್ಲವೋ ಎಂದು ನೋಡಿ, ಆಮೇಲೆ ಎರಡನೆಯದಕ್ಕೆ ಕೈಯಿಡುತ್ತಾರೆ. ಯಾಕಂದರೆ, ಮೊದಲನೆಯದರಲ್ಲಿ ಸ್ಥಾನವು ತಪ್ಪಿದರೆ ಕೆಲವು ತಾಸುಗಳಲ್ಲಿ ಸರಿಹೋಗುವದು, ಎರಡನೆಯದರಲ್ಲಿ ಹಾಗಲ್ಲ.

ಇದರ ರೀತಿಯನ್ನು ಚೆನ್ನಾಗಿ ತಿಳಿಯುವದಕ್ಕೆ ಒಂದು ಉದಾಹರಣೆಯನ್ನು ವಿಸ್ತರಿಸುತ್ತೇನೆ. ಜಠರದ ಹಿಂದೆ ಮೇದೋಜೀರಕವೆಂಬ ಗ್ರಂಥಿಯುಂಟು. ಅದರ ಅರ್ಬುದವು ಬಹಳ ಸಲ ತಡವಾಗಿ ಗೊತ್ತಾಗುವದು. ಅದರ ನೋವು ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ತೂರಿ ಹೋಗುವಂಥದು. ರೋಗಿಯು ಅಂಗಾತ ಮಲಗಲಾರದೆ, ಮುಂದಕ್ಕೆ ಬಗ್ಗಿ ಕುಳಿತು ರಾತ್ರಿಯನ್ನು ಕಳೆಯುವದುಂಟು. ಈ ಗ್ರಂಥಿ, ಯಕೃತ್ತು, ಪಿತ್ತಕೋಶ, ಜಠರ, ಸಣ್ಣ ಕರುಳು ಇವೆಲ್ಲವುಗಳ ವೇದನೆಯ ತಂತುಗಳು ಸೀಲಿಯಾಕ್ ಜಾಲವೆಂಬ ನರಗಳ ಕೂಟದ ಮೂಲಕ ಹಾಯ್ದು ಹೋಗುತ್ತವೆ. ಆ ಜಾಲವು ಸೊಂಟದ ಮೊದಲನೆಯ ಕಶೇರುವಿನ ಮಟ್ಟದಲ್ಲಿ, ಮಹಾಧಮನಿಯ ಮುಂಭಾಗದಲ್ಲಿರುವದು.

ರೋಗಿಯನ್ನು ಬೋರಲಾಗಿ ಮಲಗಿಸಿ, ಚರ್ಮವನ್ನು ಜಡಗೊಳಿಸಿ, ಎಕ್ಸ್‌ರೇ ಅಥವಾ ಸಿ.ಟಿ. ಯಂತ್ರದ ಚಿತ್ರವನ್ನು ನೋಡುತ್ತ, ಬೆನ್ನಿನ ಎರಡು ಪಕ್ಕಗಳಿಂದ ನೀಳವಾದ ತೆಳು ಸೂಜಿಗಳನ್ನು ಆ ಸ್ಥಾನದವರೆಗೆ ಒಯ್ಯುತ್ತಾರೆ. ಚಿತ್ರದಲ್ಲಿ ಕಾಣುವ ಒಂದು ದ್ರವವನ್ನು ಮೊದಲು ಬಿಟ್ಟು, ಅದು ರಕ್ತನಾಳದಲ್ಲಿ ಹೋಗದೆ ಜಾಲದ ಸುತ್ತಲೇ ಹರಡಿತೋ ಎಂದು ಪರೀಕ್ಷಿಸುತ್ತಾರೆ. ಮದ್ಯಸಾರವು ಮುಟ್ಟಿದ ಕೂಡಲೆ ಉರಿಯುವದಾದ್ದರಿಂದ ಮೊದಲು ಅರಿವಳಿಕೆಯನ್ನಿಳಿಸಿ, ಆಮೇಲೆ ಮದ್ಯಸಾರವನ್ನು ಬಿಡುತ್ತಾರೆ. ಇನ್ನೊಂದು ವಿಧದಲ್ಲಿ, ಬಾಯಿಯಿಂದ ಜಠರಕ್ಕೆ ಒಂದು ನಳಿಕೆಯನ್ನಿಳಿಸಿ, ಅದರ ತುದಿಯ ಶ್ರವಣಾತೀತ ಧ್ವನಿಯ ಯಂತ್ರದಿಂದ ನೋಡುತ್ತ, ಜಠರದ ಗೋಡೆಯ ಮೂಲಕವೇ ಸೂಜಿಯನ್ನು ಹಾಯಿಸುತ್ತಾರೆ.

ಇದರ ಫಲವನ್ನು ಪರೀಕ್ಷಿಸಿ ನೋಡಿದ್ದಾರೆ. 1993ರಲ್ಲಿ ಅಮೇರಿಕೆಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಗಡ್ಡೆಯನ್ನು ತೆಗೆಯಲಾಗದ ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಕ್ರಿಯೆಯ ಕಾಲದಲ್ಲಿ ಮದ್ಯಸಾರವನ್ನೂ ಕೆಲವರಿಗೆ ಬರಿಯ ಲವಣಜಲವನ್ನೂ ಇಳಿಸಿದ್ದರು. ಮದ್ಯಸಾರವನ್ನು ಪಡೆದವರ ನೋವು ತಿಂಗಳುಗಟ್ಟಲೆ ಕಡಿಮೆಯಾಗಿತ್ತು. 2004ರಲ್ಲಿ ಮೇಯೋ ಚಿಕಿತ್ಸಾಲಯದವರು 100 ಮಂದಿ ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿಯೂ ನರಬಂಧವನ್ನು ಪಡೆದವರ ನೋವು ಬರಿಯ ಔಷಧಿಯನ್ನು ಪಡೆದವರದಕ್ಕಿಂತ ಹೆಚ್ಚು ತಗ್ಗಿತು. ಆದರೆ ಮಾರ್ಫಿನ್ ವರ್ಗದ ಔಷಧಿಯ ಪ್ರಮಾಣವು ಗಣನೀಯವಾಗಿ ತಗ್ಗಲಿಲ್ಲ, ಆಯುಷ್ಯವೂ ಹೆಚ್ಚಲಿಲ್ಲ. ಮೊದಲನೆಯ ಪರೀಕ್ಷೆಯಲ್ಲಿ ಮುಂಚಿನಿಂದ ನೋವಿದ್ದವರ ಆಯುಷ್ಯವು ಹೆಚ್ಚಿದಂತೆ ಕಂಡಿದ್ದರೂ ಎರಡನೆಯದರಲ್ಲಿ ಅದು ಸಿದ್ಧವಾಗಲಿಲ್ಲ. ಆದುದರಿಂದ ಆಯುಷ್ಯವನ್ನು ಬೆಳಸುವದೆಂಬ ಆಸೆಯಿಂದ ಯಾರೂ ಈ ಸೂಜಿಯನ್ನು ಹಾಕಿಸಿಕೊಳ್ಳಬಾರದು. ನೋವನ್ನು ತಗ್ಗಿಸುವದೆಂಬ ಆಸೆಯಿಂದ ಹಾಕಿಸಿಕೊಳ್ಳಬಹುದು.

ಬೇರೆ ಬೇರೆ ಅಂಗಗಳಿಗೆ ಬೇರೆ ಬೇರೆ ಸ್ಥಾನಗಳುಂಟು. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಗರ್ಭಕಂಠದ ಅರ್ಬುದಕ್ಕೂ, ಮೂತ್ರಾಶಯ, ಗುದನಾಳಗಳ ಅರ್ಬುದಕ್ಕೂ ಸೊಂಟದ ಕೊನೆಯ ಕಶೇರುವಿನ ಮುಂದಣ ನರಜಾಲವನ್ನು ತಡೆಯುತ್ತಾರೆ. ಇದನ್ನೂ, ಬಾಲಮೂಳೆಯ ಬಳಿಯ ಒಂಟಿ ನರಗಂಟನ್ನು ತಡೆಯುವದನ್ನೂ 1990ರಲ್ಲಿ ಮೆಕ್ಸಿಕೋ ದೇಶದ ಪ್ಲಾಂಕಾರ್ತೆ ಎಂಬ ವೈದ್ಯನು ವರ್ಣಿಸಿದನು. ಗಡ್ಡೆಯು ಪಕ್ಕೆಲುಬಿಗೆ ಹಬ್ಬಿದ್ದರೆ ಎಲುಬುಗಳ ನಡುವಣ ನರವನ್ನೂ, ತಂಬಾಕಿನಿಂದ ಬರುವ ಬಾಯಿಯ ಅರ್ಬುದದಲ್ಲಿ ದವಡೆಗೆ ಹೋಗುವ ನರವನ್ನೂ ತಡೆಯುವದುಂಟು. ಆದರೆ ಗಡ್ಡೆಯು ಅನೇಕ ಎಲುಬುಗಳಿಗೆ ಚದರಿಹೋಗಿದ್ದರೆ ಒಂದು ನರವನ್ನು ಕಟ್ಟಿ ಪ್ರಯೋಜನವಿಲ್ಲ. ಎಲುಬಿನ ನೋವಿಗೆ ವಿಕಿರಣ ಚಿಕಿತ್ಸೆಯು ಹೆಚ್ಚು ಹಿತಕರ. ಕಾಲುವೆಯು ಒಂದಿದ್ದರೆ ಒಡ್ಡು ನಿಲ್ಲುವದು, ನೂರಿದ್ದರೆ ನಿಲ್ಲಲಾರದು.

ದೋಷಗಳನ್ನೂ ಮುಚ್ಚಿಡಬಾರದು. ಸೀಲಿಯಾಕ್ ಜಾಲದ ಬಂಧವಾದ ಮೇಲೆ ಕೆಲವು ದಿನ ಎದ್ದು ನಿಂತಾಗ ರಕ್ತದೊತ್ತಡವು ಇಳಿದು ತಲೆ ತಿರುಗುವದು, ಭೇದಿಯಾಗುವದು, ಸೂಜಿ ಚುಚ್ಚಿದಲ್ಲಿ ನೋಯುವದು ಸಾಮಾನ್ಯ. ಇವು ಬಹುಮಟ್ಟಿಗೆ ತಾವಾಗಿಯೇ ಶಮನವಾಗುತ್ತವೆ. ಬೆನ್ನುಹುರಿಗೆ ರಕ್ತವನ್ನೊಯ್ಯುವ ನಾಳಕ್ಕೆ ತೊಂದರೆಯಾಗಿ ಕಾಲುಗಳು ಶಕ್ತಿಗುಂದುವದು ಅತಿ ವಿರಳವಾದರೂ ಉಂಟು. ಬೆನ್ನುಹುರಿಯ ದ್ರವದಲ್ಲಿ ಫಿನಾಲನ್ನಿಳಿಸುವ ವಿಧಾನದಲ್ಲಿ ಮಲಮೂತ್ರಗಳ ಹತೋಟಿಯು ತಪ್ಪುವ ಭಯವಿರುವದರಿಂದ ಅದನ್ನು ಆರಿಸಿದ ಕೆಲವರಿಗೆ ಮಾತ್ರ ಮಾಡುತ್ತಾರೆ. ರಕ್ತವು ಹೆಪ್ಪುಗಟ್ಟದ ದೋಷವುಳ್ಳವರಿಗೂ, ಸೂಜಿ ಹಾಯಬೇಕಾದ ಜಾಗದಲ್ಲಿ ಕೀವಿರುವವರಿಗೂ ಇದು ಸಲ್ಲದು. ರಕ್ತವನ್ನು ತೆಳ್ಳಗೆ ಮಾಡುವ ಗುಳಿಗೆಗಳನ್ನು ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ಇದಲ್ಲದೆ, ಕೆಡಿಸಿದ ನರವು ಮತ್ತೆ ಚಿಗುರುವದರಿಂದಲೂ ರೋಗವು ಬೆಳೆಯುವದರಿಂದಲೂ ಫಲವು ಸಾಮಾನ್ಯವಾಗಿ ಕೆಲವು ತಿಂಗಳುಗಳವರೆಗೆ ಮಾತ್ರ ಇರುವದು.

ಇನ್ನೊಂದು ಎಚ್ಚರಿಕೆಯು ಮನೆಯವರಿಗೆ ಸೇರಿದ್ದು. ನೋವು ನಿಂತಿತೆಂದು ಮಾರ್ಫಿನ್ನನ್ನು ಆ ದಿನವೇ ತಾವಾಗಿ ನಿಲ್ಲಿಸಬಾರದು. ದೇಹವು ಅದಕ್ಕೆ ಹೊಂದಿಕೊಂಡಿರುವದರಿಂದ ಬೆವರು, ನಡುಕ, ಚಡಪಡಿಕೆಗಳುಂಟಾಗುತ್ತವೆ. ಮೊದಲಿನಷ್ಟನ್ನೇ ಕೊಡುತ್ತ ಹೋಗುವದೂ ಸರಿಯಲ್ಲ. ನೋವಿದ್ದಾಗ ತಾಳಿದ ಪ್ರಮಾಣವು ನೋವಿಲ್ಲದಾಗ ಅತಿಯಾಗಿ, ಮಂಪರು ಹೆಚ್ಚಿ ಉಸಿರು ಕುಗ್ಗಬಹುದು. ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಕ್ರಮಕ್ರಮವಾಗಿ ಇಳಿಸಬೇಕು.

ಇನ್ನು ಪೂರ್ವಪಕ್ಷ. ಮೊದಲನೆಯ ಆಕ್ಷೇಪಣೆಯು: “ನೋವು ಪೂರ್ವಕರ್ಮದ ಫಲ, ಅದನ್ನು ಉಂಡೇ ತೀರಿಸಬೇಕು, ತಡೆದರೆ ಮುಂದಕ್ಕೆ ಉಳಿಯುವದು.” ಹೀಗೆನ್ನುವವರು ಹಸಿವೆಯನ್ನೂ ಕರ್ಮಫಲವೆಂದು ತಿಳಿದು ಉಪವಾಸವಿರುವರೋ? ಮಠದ ದಾಸೋಹದಲ್ಲಿ ಹಸಿದವನಿಗೆ ಅನ್ನವನ್ನಿಕ್ಕುವಾಗ ಅವನ ಕರ್ಮವನ್ನು ವಿಚಾರಿಸುವವರುಂಟೋ? ಹಸಿವೆಗೆ ಅನ್ನವು ಹೇಗೋ ವೇದನೆಗೆ ಔಷಧಿಯು ಹಾಗೆ. ತನ್ನ ನೋವನ್ನು ತಾನು ಸಹಿಸುವದು ತಾಳ್ಮೆಯೆನಿಸುವದು. ಇನ್ನೊಬ್ಬರ ನೋವನ್ನು ನಾವು ಸಹಿಸಿಕೊಂಡಿರುವದು ತಾಳ್ಮೆಯಲ್ಲ, ನಿರ್ದಯೆ. ನೋವಿನಿಂದ ಕಂಗೆಟ್ಟವನಿಗೆ ಲಿಂಗಪೂಜೆಯಲ್ಲಿ ಮನಸ್ಸು ನಿಲ್ಲದು. ಪಕ್ಕದಲ್ಲಿ ಕುಳಿತ ಮಗನ ಮುಖವೂ ಕಾಣದು.

ಎರಡನೆಯದು: “ನೋವು ರೋಗದ ಸೂಚನೆ, ಅದನ್ನು ಅಳಿಸಿದರೆ ರೋಗವು ತಿಳಿಯದಂತೆ ಬೆಳೆಯುವದು.” ರೋಗವು ಏನೆಂದು ಗೊತ್ತಿಲ್ಲದಾಗ ಈ ಮಾತಿಗೆ ಬೆಲೆಯುಂಟು. ರೋಗವು ಗೊತ್ತಾಗಿ, ಅದನ್ನು ಯಂತ್ರಗಳಿಂದಲೂ ರಕ್ತಪರೀಕ್ಷೆಯಿಂದಲೂ ನೋಡುತ್ತಿರುವಾಗ ನೋವು ಹೊಸದಾಗಿ ತಿಳಿಸುವದು ಅಲ್ಪ. ಸುದ್ದಿಯು ಮುಟ್ಟಿದ ಮೇಲೂ ಓಲೆಕಾರನು ಹಗಲಿರುಳು ಬಾಗಿಲನ್ನು ಬಡಿಯುತ್ತಿರಬೇಕೆಂಬದು ಯಾವ ನ್ಯಾಯ? ಆದರೂ ಹೊಸ ನೋವು ಬೇರೆಡೆಯಲ್ಲಿ ಕಂಡರೆ ಅದನ್ನು ಅವಶ್ಯವಾಗಿ ತಿಳಿಸತಕ್ಕದ್ದು.

ಮೂರನೆಯದು: “ಸೂಜಿಯ ಚಿಕಿತ್ಸೆಯು ಕಟ್ಟಕಡೆಯದು, ಅದನ್ನು ಕೊನೆಗೆ ಇಟ್ಟುಕೊಳ್ಳೋಣ.” ಈ ಅಭಿಪ್ರಾಯದಿಂದ ಆಗುವ ಹಾನಿಯು ಎಲ್ಲಕ್ಕಿಂತ ಹೆಚ್ಚು. ಗಡ್ಡೆಯು ಜಾಲವನ್ನು ಪೂರ್ತಿಯಾಗಿ ಕವಿದುಕೊಂಡ ಮೇಲೆ ಔಷಧಿಯು ಅಲ್ಲಿ ಸರಿಯಾಗಿ ಹರಡಲಾರದು. ರೋಗಿಗೆ ಬೋರಲಾಗಿ ಮಲಗುವ ಶಕ್ತಿಯೂ ಉಳಿದಿರುವದಿಲ್ಲ. 2011ರಲ್ಲಿ ಕೆನಡಾ ದೇಶದ ವೈದ್ಯರು, ಮೇದೋಜೀರಕದ ಅರ್ಬುದವು ಶಸ್ತ್ರಕ್ಕೆ ಮೀರಿದ್ದೆಂದು ಗೊತ್ತಾದ ಹೊತ್ತಿನಲ್ಲಿಯೇ ನರಬಂಧವನ್ನು ಮಾಡಿ ನೋಡಿದರು. ಮೂರು ತಿಂಗಳ ತರುವಾಯ ಅವರ ನೋವು ಉಳಿದವರದಕ್ಕಿಂತ ಕಡಿಮೆಯಾಗಿತ್ತು. ಕೇಳುವ ಕಾಲವು ಮೊದಲಿನಲ್ಲಿಯೇ ಇರುವದು.

ನಾಲ್ಕನೆಯದು ಆಕ್ಷೇಪಣೆಯಲ್ಲ, ನಮ್ಮ ಮನೆಗಳ ರೂಢಿ: ರೋಗಿಗೆ ರೋಗದ ಹೆಸರನ್ನೇ ಹೇಳದಿರುವದು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲರು ಅರಿವಳಿಕೆಯ ವಿದ್ಯೆಯಲ್ಲಿ ಪಂಡಿತರು. 1993ರಲ್ಲಿ ಸಂಗಡಿಗರೊಡನೆ ಕೋಝಿಕ್ಕೋಡಿನಲ್ಲಿ ವೇದನಾಶಮನದ ಸೇವಾಸಂಘವನ್ನು ಕಟ್ಟಿದವರು. ತಮ್ಮ ಮನಸ್ಸನ್ನು ತಿರುಗಿಸಿದ ಒಂದು ಘಟನೆಯನ್ನು ಅವರೇ ಲೋಕಕ್ಕೆ ಹೇಳಿದ್ದಾರೆ. ಒಬ್ಬ ರೋಗಿಗೆ ಅವರು ನರಬಂಧವನ್ನು ಮಾಡಿದರು. ನೋವು ಸಂಪೂರ್ಣವಾಗಿ ಹೋಯಿತು. ಆದರೆ ಆ ಸೂಜಿಯೇ ರೋಗವನ್ನು ಗುಣಪಡಿಸುವದೆಂದು ಅವನು ನಂಬಿದ್ದನು. ಹಾಗಲ್ಲವೆಂಬದು ಅಲ್ಲಿ ಒಮ್ಮೆಲೇ ತಿಳಿದು, ಮನೆಗೆ ಹೋಗಿ ಪ್ರಾಣವನ್ನು ಕಳೆದುಕೊಂಡನು. ನರವನ್ನು ಕಟ್ಟಿದರೂ ಮನುಷ್ಯನ ದುಃಖವು ಕಟ್ಟುವದಿಲ್ಲವೆಂಬದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವದಕ್ಕಾಗದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಎಂಬ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ಮಾತೆಯೂ, ದೇಹ, ಮನಸ್ಸು, ಸಂಸಾರ, ಆತ್ಮ ಈ ನಾಲ್ಕರ ನೋವೂ ಕೂಡಿ ಒಂದೇ ವೇದನೆಯಾಗುವದೆಂದು ಬೋಧಿಸಿದಳು. ಆದಕಾರಣ ಸೂಜಿಗೆ ಒಪ್ಪಿಗೆಯನ್ನು ಕೊಡಬೇಕಾದವನು ರೋಗಿಯೇ. ಇದರಿಂದ ಏನಾಗುವದು, ಏನಾಗದು ಎಂಬದು ಮೃದುವಾದ ಮಾತಿನಲ್ಲಿ ಮೊದಲೇ ಅವನಿಗೆ ತಿಳಿದಿರಬೇಕು. ಮನೆಯವರು ಸಹಿಯನ್ನು ಹಾಕಿ, ರೋಗಿಯನ್ನು ಕತ್ತಲಲ್ಲಿಡುವದು ಪ್ರೀತಿಯಂತೆ ತೋರಿದರೂ ಪ್ರೀತಿಯಲ್ಲ.

ಇನ್ನು ಸಿದ್ಧಾಂತ. ಅರ್ಬುದರೋಗದ ವೇದನೆಯು ಚಿಕಿತ್ಸೆಗೆ ಅರ್ಹವಾದದ್ದು. ಗುಳಿಗೆಗಳಿಂದ ತಗ್ಗಿದರೆ ಅದೇ ಸಾಕು. ತಗ್ಗದಿದ್ದರೆ, ಇಲ್ಲವೆ ಗುಳಿಗೆಗಳೇ ತೊಂದರೆಯಾದರೆ, ನೋವಿನ ದಾರಿಯು ಗೊತ್ತಾದ ನರದ್ದಾಗಿದ್ದರೆ, ಬಲ್ಲವರ ಕೈಯಿಂದ ನರಬಂಧವನ್ನು ಮಾಡಿಸಿಕೊಳ್ಳುವದು ಯುಕ್ತವು. ಅದನ್ನು ಕೇಳುವದಕ್ಕೆ ತಡಮಾಡಬಾರದು. ಅದರಿಂದ ರೋಗಮುಕ್ತಿಯನ್ನು ನಿರೀಕ್ಷಿಸಲೂ ಬಾರದು.

ಆಚರಣೆಯಲ್ಲಿ ಭಕ್ತರು ಮಾಡಬೇಕಾದದ್ದು ಕಠಿಣವಲ್ಲ. ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟೆಂದು ರೋಗಿಯನ್ನೇ ಕೇಳಿ, ಹೊತ್ತನ್ನೂ ಜಾಗವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಅವನು ಹೇಳಿದ ಸಂಖ್ಯೆಯನ್ನು ನಂಬಿರಿ. ಅರ್ಬುದದ ಚಿಕಿತ್ಸೆಯನ್ನು ಮಾಡುವ ಆಸ್ಪತ್ರೆಯಲ್ಲಿ, ವೇದನೆಗೆ ಬೇರೆ ವೈದ್ಯರಿದ್ದಾರೆಯೇ ಎಂದು ಬಾಯಿ ಬಿಟ್ಟು ಕೇಳಿರಿ. ಈ ಸೂಜಿಯಿಂದ ಎಷ್ಟು ನೋವು ತಗ್ಗೀತು, ಎಷ್ಟು ಕಾಲ ನಿಂತೀತು, ಏನು ಕೆಟ್ಟೀತು, ಮಾಡಿಸದಿದ್ದರೆ ಬೇರೆ ದಾರಿ ಯಾವುದು, ಈ ನಾಲ್ಕು ಪ್ರಶ್ನೆಗಳನ್ನು ಕೇಳದೆ ಒಪ್ಪಬೇಡಿರಿ. ಕೇಳಿದ ಮೇಲೆ ಸುಮ್ಮನೆ ಅಂಜಲೂ ಬೇಡಿರಿ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಅರ್ಬುದ ಚಿಕಿತ್ಸಾಲಯಗಳೂ, ಗುಣವಾಗದ ರೋಗಿಗಳನ್ನು ಆರೈಕೆ ಮಾಡುವ ಕರುಣಾಶ್ರಯದಂಥ ಧಾಮಗಳೂ ನಮ್ಮ ನಾಡಿನಲ್ಲಿಯೇ ಇವೆ.

ರೋಗವನ್ನು ಗೆಲ್ಲುವದು ಎಲ್ಲ ಕಾಲದಲ್ಲಿಯೂ ನಮ್ಮ ಕೈಯಲ್ಲಿಲ್ಲ. ಉಳಿದ ದಿನಗಳಲ್ಲಿ ಒಬ್ಬ ತಾಯಿಯು ಅಂಗಾತ ಮಲಗಿ ನಿದ್ರೆ ಮಾಡುವಂತೆ, ಎದ್ದು ಕುಳಿತು ಒಂದು ತುತ್ತು ಉಣ್ಣುವಂತೆ, ತನ್ನವರ ಹೆಸರನ್ನು ಕರೆದು ಮಾತನಾಡುವಂತೆ ಮಾಡುವದು ಬಹಳ ಸಲ ಮನುಷ್ಯರ ಕೈಯಲ್ಲಿದೆ. ಕೈಯಲ್ಲಿರುವದನ್ನು ಮಾಡದಿರುವದು ಧರ್ಮವಲ್ಲವೆಂದು ಅರಿಕೆ ಮಾಡಿ, ನನ್ನ ಮಾತನ್ನು ಮುಗಿಸುತ್ತೇನೆ.